ಅಕ್ಕನ ಜೀಪಿನ ಡ್ರೈವ್ ಶಾಫ್ಟ್

ಬೀದಿಯವರು ಅವನನ್ನು ಮೈಕ್ರಾನ್ ಎಂದು ಕರೆಯುತ್ತಿದ್ದರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮುಗಿದ ಕೆಲಸವನ್ನು ಗುಜರಿಗೆ ಎಸೆದು ಮತ್ತೆ ಶುರು ಮಾಡುವ ಲೇತ್ ಕೆಲಸಗಾರ ಅವನು. ಮದುವೆಯಾಗಿರಲಿಲ್ಲ, ಅಕ್ಕನ ಜೊತೆಗಿದ್ದ. ಅಕ್ಕ, ಗಂಡ ತೀರಿಕೊಂಡ ಮೇಲೆ, ಆತನ ಜೀಪಿನ ಸ್ಟೀರಿಂಗ್ ಹಿಡಿದಿದ್ದಳು. ಬೆಟ್ಟದ ಮೇಲಿನ ಮನೆಗಳಿಗೆ ಜನ, ಸಿಮೆಂಟು, ಗ್ಯಾಸ್ ಸಿಲಿಂಡರು ಎಲ್ಲವೂ ಹೋಗುತ್ತಿದ್ದದ್ದು ಅದರಲ್ಲೇ. ದಾರಿ ಅನ್ನುವುದು ಹೆಸರಿಗೆ ಮಾತ್ರ.

ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಉಕ್ಕಿನ ಸರಳು, ಅದೇ ಡ್ರೈವ್ ಶಾಫ್ಟ್, ಏರು ಶುರುವಾಗುವ ಬಂಡೆಯ ಹತ್ತಿರ ಪದೇ ಪದೇ ಕೈಕೊಡುತ್ತಿತ್ತು.

"ಮತ್ತೆ ತಿರುಚಿಕೊಂಡು ಹೋಯ್ತು," ಎನ್ನುತ್ತಾ ಅಕ್ಕ ಮುರಿದ ತುಂಡನ್ನು ಅವನ ಬೆಂಚಿನ ಮೇಲೆ ದಡಕ್ಕನೆ ಹಾಕಿದಳು. "ಊರಿಗೆಲ್ಲ ಮಾಡಿಕೊಡ್ತೀಯ. ಸ್ವಂತ ಅಕ್ಕನಿಗೆ ಒಂದು ಗಟ್ಟಿ ಶಾಫ್ಟ್ ಮಾಡಿಕೊಡೋಕೆ ನಿನಗೆ ಮುಹೂರ್ತ ಬೇಕಾ?"

"ಲೋಡ್ ಕಡಿಮೆ ಮಾಡಕ್ಕ."

"ಯಾರನ್ನ ಇಳಿಸಲಿ ಹೇಳು? ಬಸುರಿಯನ್ನೋ, ಮುದುಕನನ್ನೋ?"

ಅವನು ಗುಜರಿಯಿಂದ ಹಳೆ ಲಾರಿಯ ಆಕ್ಸಲ್ ತಂದು, ಹದವಾಗಿ ಕಡೆದು, ತುದಿಗೆ ಹಲ್ಲು ಕೊರೆದ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ. ಗಾಜಿನಂತೆ ಸಿಡಿಯಬಾರದೆಂದು ಸಣ್ಣ ಕಾವಿನಲ್ಲಿ ಮತ್ತೆ ಹದಗೊಳಿಸಿದ. ಜೋಡಿಸಿದಾಗ ಅವನಿಗೇ ಒಳಗೊಳಗೆ ಹೆಮ್ಮೆ.

ಶಾಫ್ಟ್ ಮುರಿಯಲಿಲ್ಲ. ಜೀಪು ಬಂಡೆಯನ್ನು ಲೆಕ್ಕಕ್ಕೇ ಇಡದೆ ಹತ್ತಿತು. ಅಕ್ಕ ಬೀದಿ ತುಂಬ ತಮ್ಮನ ಗುಣಗಾನ ಮಾಡಿದಳು. ಮೂಟೆಗಳ ಮೇಲೆ ಮೂಟೆ ಏರಿಸಿದಳು. ಅವನು ಬೇಡವೆಂದಾಗಲೆಲ್ಲ, "ನಿನ್ನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ವಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಮೊದಲು ಮುರಿಯುತ್ತಿದ್ದದ್ದು ಬೆಟ್ಟದ ಬುಡದಲ್ಲಿ. ಬೈದುಕೊಂಡು ಎಲ್ಲರೂ ಇಳಿದು ನಡೆಯುತ್ತಿದ್ದರು, ಅಷ್ಟೇ. ಈಗ ಶಾಫ್ಟ್ ತಡೆದುಕೊಂಡ ಏಟೆಲ್ಲ ಗೇರ್‌ಬಾಕ್ಸಿಗೆ ಬೀಳತೊಡಗಿತ್ತು. ಒಂದು ಮಧ್ಯಾಹ್ನ, ತುದಿಯ ಕಡಿದಾದ ಏರಿನಲ್ಲಿ, ಗೇರ್‌ಬಾಕ್ಸೇ ಸೀಳಿತು. ಜೀಪು ಹಿಂದಕ್ಕೆ ಜಾರಿತು. ಅಷ್ಟು ಭಾರವನ್ನು ಬ್ರೇಕು ಹಿಡಿಯಲಿಲ್ಲ. "ಹಾರ್ಕೊಳ್ಳಿ!" ಎಂದು ಕೂಗಿ ಅಕ್ಕ ಎಲ್ಲರನ್ನೂ ಇಳಿಸಿದಳು, ತಾನು ಮಾತ್ರ ಸ್ಟೀರಿಂಗ್ ಬಿಡದೆ ಜೀಪನ್ನು ದಿಣ್ಣೆಗೆ ಒತ್ತಿ ನಿಲ್ಲಿಸಿದಳು. ಅವಳ ಎಡಗಾಲು ನಜ್ಜುಗುಜ್ಜಾಯಿತು.

ಅವನು ಓಡಿ ಹೋಗುವಷ್ಟರಲ್ಲಿ ಅಕ್ಕನನ್ನು ಆಸ್ಪತ್ರೆಗೆ ಒಯ್ದಿದ್ದರು. ಬಗ್ಗಿ ಜೀಪಿನ ಕೆಳಗೆ ನೋಡಿದ. ಶಾಫ್ಟಿನ ಮೇಲೆ ಒಂದು ಗೀರೂ ಇರಲಿಲ್ಲ.

ಅರಿವಳಿಕೆಯ ಮಂಪರಿನಲ್ಲೇ ಅಕ್ಕ ಕೇಳಿದಳು: "ಶಾಫ್ಟ್ ಏನಾಯ್ತೋ?"

"ಏನೂ ಆಗಿಲ್ಲ ಅಕ್ಕ."

"ನೋಡು ಮತ್ತೆ. ನನ್ನ ತಮ್ಮ ಮಾಡಿದ್ದು ಮುರಿಯಲ್ಲ." ಅವಳು ನಕ್ಕಳು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ವರಾಂಡಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಕಾಲು ಉಳಿಯಿತು, ಕ್ಲಚ್ ತುಳಿಯುವ ಶಕ್ತಿ ಉಳಿಯಲಿಲ್ಲ. ಜೀಪನ್ನು ಮಾರಿದರು. ಅಕ್ಕ ಕೋಲೂರಿಕೊಂಡು ತಮ್ಮನ ಲೇತ್ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತು ಅವನನ್ನು ಗದರುವುದನ್ನು ಮಾತ್ರ ಬಿಡಲಿಲ್ಲ.

ಆಮೇಲೆ ಇನ್ನೊಬ್ಬ ಜೀಪಿನವನು ಬಂದ. "ಅಕ್ಕನಿಗೆ ಮಾಡಿಕೊಟ್ಟಿದ್ದಂಥದ್ದೇ ಬೇಕು."

"ಬೇಡಣ್ಣ. ಹಳೆ ಅಳತೇದೇ ಹಾಕ್ತೀನಿ. ಬುಡದಲ್ಲಿ ಮುರಿದ್ರೆ ನಡ್ಕೊಂಡು ಹೋಗಬಹುದು."

"ಮುರಿಯೋ ಮಾಲು ಮಾರೋನನ್ನ ಇವತ್ತೇ ನೋಡಿದ್ದು!" ಜೀಪಿನವನು ಮೂರು ಅಂಗಡಿ ಆಚೆಗೆ ಹೋದ. ಅಲ್ಲಿಯವನು ಲಾರಿ ಆಕ್ಸಲಿನಿಂದ ಶಾಫ್ಟ್ ಕಡೆಯುವುದನ್ನು ಆಗಲೇ ಕಲಿತಿದ್ದ.

ಮರುವಾರ ಅದೇ ಜೀಪು, ಹಿಂದೆ ಜನ ಜೋತುಬಿದ್ದುಕೊಂಡು, ಶೆಡ್ಡಿನ ಮುಂದೆ ಹಾದುಹೋಯಿತು. ಮೈಕ್ರಾನ್ ಎಣ್ಣೆಗೈಯಲ್ಲೇ ರಸ್ತೆಗೆ ಓಡಿದ. "ಲೋಡ್ ಇಳಿಸಣ್ಣಾ, ಲೋಡ್!" ಎಂದು ಕೈ ಬೀಸಿ ಕೂಗಿದ.

ಡ್ರೈವರ್ ಹಾರ್ನ್ ಹೊಡೆದು, ನಗುತ್ತಾ, ಅವನೂ ಕೈ ಬೀಸಿದ.