ಮೂಗಿನ ಡಾಕ್ಟರು

ವಿದ್ಯಾಗಿರಿಯಲ್ಲಿ ಮೂಗು ತಿದ್ದುವ ಡಾಕ್ಟರ್ ಹೊಳಬಸಪ್ಪನಷ್ಟು ಹೊಗಳಿಕೆಗೆ ಹಪಹಪಿಸುವ ಮನುಷ್ಯನನ್ನು ನಾನು ಕಂಡಿಲ್ಲ. ಎದುರಿನವರ ಮೂಗಿಗೆ ಅಂಕ ಹಾಕಿದ ಮೇಲೆಯೇ ಆತ ನಮಸ್ಕಾರ ಹೇಳುವುದು. ‘ನಾ ತಿದ್ದಿದ ಮೂಗು ಹುಟ್ಟಿದಾಗಿಂದ ಹಂಗ ಇತ್ತು ಅನ್ನಿಸಬೇಕ್ರಿ ಅಕ್ಕಾರ’ ಎಂದು ಹತ್ತು ಸಲ ಹೇಳಿ, ನಾನು ತಲೆದೂಗುವ ತನಕ ಜಾಗ ಬಿಟ್ಟು ಕದಲುವುದಿಲ್ಲ. ಮೊನ್ನೆ ಇಳಕಲ್ಲಿನಲ್ಲಿ ನನ್ನ ತಂಗಿಯ ಮಗಳು ಶೈಲಾಳ ಮದುವೆಗೂ ಬಂದಿದ್ದ. ಅವಳ ಮೂಗು ಆತನದೇ ಕೆಲಸ. ಅದು ಮದುಮಗನಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಆ ಅತ್ತೆ ಊಟದ ಪಂಕ್ತಿಯ ಮುಂದೆ ಸೊಸೆಯನ್ನು ನಿಲ್ಲಿಸಿ, ಗದ್ದ ಎತ್ತಿ, ‘ಡಾಕ್ಟರ್ರ, ಇದು ದೇವರು ಕೊಟ್ಟ ಮೂಗು. ಇಂಥಾದ್ದು ನಿಮ್ಮ ಕೈಲೆ ಆಗತೈತೇನ್ರಿ?’ ಎಂದು ಕೆಣಕಿದಳು. ಶೈಲಾಳ ಮುಖ ಬಿಳಿಚಿತು. ಡಾಕ್ಟರು ಆ ಮೂಗನ್ನು ಒಮ್ಮೆ ಕಣ್ತುಂಬ ನೋಡಿದ. ‘ಇಲ್ಲರಿ ಅವ್ವಾರ, ನನ್ನ ಕೈಲೆ ಆಗಂಗಿಲ್ಲ’ ಎಂದು ಹೋಳಿಗೆ ಮುರಿದ.