ನಿಲ್ಲದ ಯಂತ್ರಕ್ಕೆ ಆಯುಧಪೂಜೆ

ಶಂಶಾಬಾದಿನ ವಿಮಾನನಿಲ್ದಾಣದ ಗೋದಾಮಿನಿಂದ ಪರದೇಶದ ಸರ್ವರ್ ಬೋರ್ಡು ಬಿಡಿಸಿಕೊಂಡು ಬರುವಾಗ ಕಾಕಾ ಅದನ್ನು ಎಂದೂ ಕಾರಿನ ಡಿಕ್ಕಿಗೆ ಹಾಕಿದವರಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈ ಅದರ ಮೇಲೆ ಊರಿ, ಸೂಜಿ ಹಾಕಿಸಿಕೊಂಡ ಕೂಸನ್ನು ಮನೆಗೆ ಕರೆತರುವವರ ಹಾಗೆ ಕೂತಿರುತ್ತಿದ್ದರು. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಡ್ರೈವರನಿಗೆ "ಆಹಿಸ್ತಾ ಭಾಯ್, ಆಹಿಸ್ತಾ" ಎನ್ನುತ್ತಿದ್ದರು.

ಕಾಕಾ ನನ್ನ ಸಂಬಂಧಿಯಲ್ಲ. ಸರ್ವರ್ ದುರಸ್ತಿ ಮಾಡುವ ಕಂಪನಿಯಲ್ಲಿ ನನ್ನ ಹಿರಿಯ ಸಹೋದ್ಯೋಗಿ, ಬೀದರ್ ಕಡೆಯವರು. ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ ಹೈದರಾಬಾದಿಗೆ ಬಂದು, ದಿಲ್‌ಸುಖ್‌ನಗರದ ಒಂದು ಹಾಸ್ಟೆಲ್ಲಿನಲ್ಲಿದ್ದೆ. ಸೇರಿದ ದಿನ ನಾನು ಫೋನಿನಲ್ಲಿ ಅವ್ವನ ಜೊತೆ ಮಾತಾಡುವುದು ಅವರ ಕಿವಿಗೆ ಬಿತ್ತು. "ನಮ್ಮಾಕೀನ ಅದಿಯಲ್ಲ ತಂಗಿ! ಇನ್ನ ಮ್ಯಾಲ ಸರ್ ಗಿರ್ ಅನಬ್ಯಾಡ, ಕಾಕಾ ಅನ್ನು," ಅಂದರು. ಸೇರಿದ ದಿನವೇ ಅಂದರೋ, ವಾರ ಕಳೆದು ಅಂದರೋ, ಖಚಿತವಿಲ್ಲ. ಈಗ ಹಿಂದಿರುಗಿ ನೋಡಿದರೆ ಅವರು ನನಗೆ ಮೊದಲಿನಿಂದಲೂ ಕಾಕಾನೇ.

ದೊಡ್ಡ ಸಂಸ್ಥೆಗಳ ಸರ್ವರ್‌ಗಳಲ್ಲಿ ಪುಸ್ತಕಗಳನ್ನು ನಿಲ್ಲಿಸಿಟ್ಟ ಹಾಗೆ ಸಾಲಾಗಿ ಬೋರ್ಡುಗಳಿರುತ್ತವೆ. ಒಂದು ಕೆಡಲು ಶುರುವಾದರೆ, ಯಂತ್ರವನ್ನು ನಿಲ್ಲಿಸದೆ, ಅದು ಓಡುತ್ತಿರುವಾಗಲೇ ಕೆಟ್ಟದ್ದನ್ನು ಎಳೆದು ಹೊಸದನ್ನು ಕೂರಿಸಿ ಬರುವುದು ನಮ್ಮ ಕೆಲಸ. ಅವ್ವನಿಗೆ ಇದನ್ನು ತಿಳಿಸಿ ಹೇಳಲು ನಾನು ಪಟ್ಟ ಪಾಡು ನೋಡಿ, ಕಾಕಾ ಒಮ್ಮೆ ಫೋನು ಕಸಿದುಕೊಂಡು ಹೇಳಿದ್ದರು: "ಅಕ್ಕಾರ, ಪಂಕ್ತಿಗೆ ಕುಂತೋರ್ನ ಎಬ್ಬಸಲಾರದ ಅವರ ಕೆಳಗಿನ ಜಮಖಾನ ಬದಲಿ ಮಾಡ್ತಾಳ್ರಿ ನಿಮ್ಮ ಮಗಳು. ಹುಳಿ ಚೆಲ್ಲಬಾರದು, ಅಷ್ಟ." ಅವ್ವನಿಗೆ ಕೂಡಲೇ ತಿಳಿಯಿತು. ತಿಳಿದದ್ದಷ್ಟೇ ಅಲ್ಲ, "ಹಂಗಾರ ಅದು ಭಾಳ ಕಷ್ಟದ ಕೆಲಸ," ಎಂದು ಮರುದಿನದಿಂದ ನನ್ನ ಊಟದ ಬಗ್ಗೆ ಹೆಚ್ಚು ವಿಚಾರಿಸತೊಡಗಿದಳು.

ಓಡುವಾಗಲೇ ಭಾಗ ಬದಲಾಗುವುದು ಎಂದ ಕೂಡಲೇ ನೆನಪೂ ಹೀಗೇ ಅಲ್ಲವೇ ಎಂದು ಬರೆಯಬೇಕೆನಿಸುತ್ತದೆ. ಈ ಹೋಲಿಕೆ ತುಂಬ ಸಲೀಸಾಗಿ ಬಂದುಬಿಡುತ್ತದೆ. ಅದಕ್ಕೇ ಅದನ್ನು ಇಲ್ಲಿಗೇ ಬಿಡುತ್ತೇನೆ.

ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಕೀಲಿಮಣೆಯ ಮುಂದೆ ಕೂತು, ಕೆಟ್ಟ ಬೋರ್ಡಿನ ಮೇಲೆ ನಡೆಯುತ್ತಿರುವ ಕೆಲಸವನ್ನೆಲ್ಲ ಉಳಿದವುಗಳಿಗೆ ಸಾಗಿಸಿ, ಅದನ್ನು ಖಾಲಿ ಮಾಡುತ್ತಾರೆ. ಇನ್ನೊಬ್ಬರು ಯಂತ್ರದ ಬಳಿ ನಿಂತು ಎಳೆಯುತ್ತಾರೆ. ಪ್ರತಿ ಬೋರ್ಡಿನ ಮುಖದ ಮೇಲೆ ಒಂದು ಪುಟ್ಟ ದೀಪವಿರುತ್ತದೆ. ಬೋರ್ಡು ಕೆಲಸದಲ್ಲಿರುವವರೆಗೆ ಅದು ಉರಿಯುವುದಿಲ್ಲ. ಖಾಲಿಯಾಗುತ್ತಿರುವಾಗ ಮಿಣುಕುತ್ತದೆ, ಪೂರ್ತಿ ಖಾಲಿಯಾದಾಗ ನೀಲಿಯಾಗಿ ನಿಲ್ಲುತ್ತದೆ. ಆಗ ಮಾತ್ರ ಎಳೆಯಬಹುದು. ತಪ್ಪಿ ಪಕ್ಕದ್ದನ್ನು ಎಳೆದರೆ ಇಡೀ ಯಂತ್ರ ಬಿದ್ದುಹೋಗುತ್ತದೆ. ಬೋರ್ಡುಗಳಿಗೆ ಸಂಖ್ಯೆ ಇರುತ್ತದಲ್ಲ ಎಂದರೆ, ಯಂತ್ರ ಸೊನ್ನೆಯಿಂದ ಎಣಿಸುತ್ತದೆ, ಮನುಷ್ಯರು ಒಂದರಿಂದ; ಹಿಂದೆ ಬಂದುಹೋದವರು ತಮಗೆ ತೋಚಿದಂತೆ ಚೀಟಿ ಅಂಟಿಸಿರುತ್ತಾರೆ. ಹಾಗಾಗಿ ಕಾಕಾ ಸಂಖ್ಯೆಯನ್ನು ನಂಬುತ್ತಿರಲಿಲ್ಲ. "ದೀಪ ಕಂಡ್ರ ಕೈ ಹಚ್ಚು. ಕಾಣದಿದ್ರ ದೇವರೇ ಬಂದು ಹೇಳಿದ್ರೂ ಹಚ್ಚಬ್ಯಾಡ."

ಆ ವರ್ಷ ದಸರೆಯ ಹೊತ್ತಿಗೆ ನಗರದ ಒಂದು ದೊಡ್ಡ ಆಸ್ಪತ್ರೆಯಿಂದ ಕರೆ ಬಂತು. ರಕ್ತನಿಧಿ, ಪ್ರಯೋಗಾಲಯ, ಔಷಧಿ ಅಂಗಡಿ, ಎಲ್ಲವೂ ಅಲ್ಲಿನ ಒಂದೇ ಸರ್ವರಿನ ಮೇಲೆ ನಡೆಯುತ್ತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವರು ನಡುವಯಸ್ಸಿನ ಒಬ್ಬ ತೆಲುಗು ಹೆಂಗಸು. ನಾವು ಅವರನ್ನು ಮೇಡಂ ಎನ್ನುತ್ತಿದ್ದೆವು, ಕಾಕಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೇಡಂಗಾರು ಎನ್ನುತ್ತಿದ್ದರು. ಅವರ ಯಂತ್ರದ ಒಂದು ಬೋರ್ಡು ಮತ್ತೆ ಮತ್ತೆ ತೊದಲುತ್ತಿತ್ತು. ಹಬ್ಬ ಕಳೆಯುವವರೆಗೆ ಅದು ತಡೆಯುತ್ತದೆ ಎಂದು ಹೇಳುವ ಧೈರ್ಯ ನಮಗಿರಲಿಲ್ಲ.

ಹಿಂದೊಮ್ಮೆ ಬೇರೆ ಯಾರೋ ದುರಸ್ತಿಗೆ ಬಂದಾಗ ಆ ಯಂತ್ರ ನಿಂತುಹೋಗಿ, ರೋಗಿಯನ್ನು ಮೇಜಿನ ಮೇಲೆ ಮಲಗಿಸಿಕೊಂಡು ರಕ್ತದ ವರದಿಗಾಗಿ ಕಾದಿದ್ದರಂತೆ. ಶಸ್ತ್ರಚಿಕಿತ್ಸೆಯ ಹಿರಿಯ ಡಾಕ್ಟರು ಮೇಡಂ ಅವರನ್ನು ಕಾರಿಡಾರಿನಲ್ಲಿ ಎಲ್ಲರೆದುರು ಗದರಿದ್ದರಂತೆ. ಈ ಸಲ ಅದೇ ಡಾಕ್ಟರು ಕೆಲಸವನ್ನು ಮುಂದೂಡಿ ಎಂದಾಗ ಮೇಡಂ, "ಯಂತ್ರ ನಿಲ್ಲುವುದಿಲ್ಲ ಸಾರ್, ಇದು ನನ್ನ ಮಾತು," ಎಂದುಬಿಟ್ಟಿದ್ದರು. ಬಾಗಿಲಲ್ಲಿ ನಮ್ಮನ್ನು ಕಂಡಾಗಲೂ ಅವರು ಮೊದಲು ಕೇಳಿದ್ದು ಅದನ್ನೇ: "ನಿಲ್ಲುವುದಿಲ್ಲ ತಾನೇ?"

"ನಿಂತ್ರ ನಾ ಬೀದರಿಗೆ ನಡಕೋತ ಹೋಗ್ತೀನ್ರಿ," ಅಂದರು ಕಾಕಾ.

"ನೀವು ನಡೆದರೆ ನನಗೇನು ಬಂತು? ಬೈಸಿಕೊಳ್ಳುವವಳು ನಾನು."

ಈ ಮಾತುಗಳೆಲ್ಲ ತೆಲುಗಿನಲ್ಲಿ ನಡೆದವು. ಬರೆಯುವಾಗ ಎಲ್ಲರ ಬಾಯಲ್ಲೂ ಕನ್ನಡ ಇಡುತ್ತಿದ್ದೇನೆ, ಅಷ್ಟರಮಟ್ಟಿಗೆ ಅವು ನನ್ನವು. ಆದರೆ ಕಾಕಾರ ಮಾತನ್ನು ನಾನು ಬದಲಿಸಿದ್ದು ಕಡಿಮೆ. ಅವರು ಯಾವ ಭಾಷೆ ಆಡಿದರೂ ರಾಗ ಬೀದರಿನದೇ.

ಒಳಗೆ ಕಾಲಿಟ್ಟವರು ಅಲ್ಲೇ ನಿಂತೆವು. ಆಸ್ಪತ್ರೆಯ ಸಿಬ್ಬಂದಿ ಹಬ್ಬಕ್ಕೆ ಊರಿಗೆ ಹೊರಡುವ ಮೊದಲೇ ಆಯುಧಪೂಜೆ ಮುಗಿಸಿದ್ದರು. ಬಾಗಿಲಿಗೆ ಬಾಳೆಕಂದು, ಯಂತ್ರದ ನೆತ್ತಿಯ ಮೇಲೆ ಬೇಗಂ ಬಜಾರಿನಿಂದ ತರಿಸಿದ ಹೊಳೆಯುವ ತೋರಣ, ಚೆಂಡುಹೂವಿನ ಮಾಲೆ. ಅಷ್ಟೇ ಆಗಿದ್ದರೆ ಸರಿಯಿತ್ತು. ಪ್ರತಿ ಬೋರ್ಡಿನ ಮುಖದ ಮೇಲೂ ಗಂಧದ ಬೊಟ್ಟು, ಅದರ ಮೇಲೆ ಕುಂಕುಮ. ದಪ್ಪಗೆ, ಗುಂಡಗೆ, ಸಾಲುತಪ್ಪದೆ.

ಕಾಕಾ ಕನ್ನಡಕ ಏರಿಸಿ ಹತ್ತಿರ ಹೋದರು. "ಮೇಡಂಗಾರು, ಇದನ್ನ ಯಾರ ಹಚ್ಚ್ಯಾರ್ರಿ?"

"ನಾನೇ. ಯಾಕೆ, ಚೆನ್ನಾಗಿಲ್ಲವಾ? ಪ್ರತಿಯೊಂದರಲ್ಲೂ ಗುಂಡಗೆ ಒಂದು ಜಾಗ ಖಾಲಿ ಇತ್ತು. ಬೊಟ್ಟಿಲ್ಲದ ಹಣೆಯ ಹಾಗೆ ಕಾಣುತ್ತಿತ್ತು. ಅಲ್ಲೇ ಇಟ್ಟೆ."

"ಅದು ದೀಪಾರೀ!"

"ದೀಪವಾ? ಇಷ್ಟು ವರ್ಷದಲ್ಲಿ ಒಂದು ದಿನವೂ ಉರಿದದ್ದು ನೋಡಿಲ್ಲ."

"ಉರಿಯಲಿಲ್ಲ ಅಂದ್ರನ ಆರಾಮ ಐತಿ ಅಂತ ಅರ್ಥಾರೀ ಮೇಡಂಗಾರು!"

ಮೇಡಂ ಮುಖದ ನಗು ಅರ್ಧಕ್ಕೇ ನಿಂತಿತು. ಏನಾಗಿದೆ ಎಂದು ಅವರಿಗೆ ತಿಳಿಯಿತು. ಯಾವ ಬೋರ್ಡು ಖಾಲಿಯಾಗಿದೆ ಎಂದು ಹೇಳಬೇಕಾದ ದೀಪ ಒಂದೂ ಕಾಣುವಂತಿರಲಿಲ್ಲ.

ನಾನು ಚೀಲದಿಂದ ಮೆತ್ತನೆಯ ಕುಂಚ ತೆಗೆದೆ. ಮೇಡಂ ನನ್ನ ಕೈ ಹಿಡಿದರು. "ಒರೆಸಬೇಡಮ್ಮಾ. ಹಬ್ಬ ಇನ್ನೂ ಮುಗಿದಿಲ್ಲ. ಪೂಜೆ ಮಾಡಿದ್ದರ ಕುಂಕುಮ ಒರೆಸುವುದು..." ಮಾತು ಪೂರ್ತಿ ಮಾಡಲಿಲ್ಲ. ಪೂರ್ತಿ ಮಾಡುವ ಅಗತ್ಯವೂ ಇರಲಿಲ್ಲ. ಒರೆಸಿದ ಕುಂಕುಮ ಎಂದರೇನೆಂದು ನಮ್ಮ ಮನೆಗಳಲ್ಲೂ ಹೇಳಿಕೊಟ್ಟಿದ್ದಾರೆ. ನಾನು ಅದನ್ನೆಲ್ಲ ನಂಬದವಳು. ಆದರೂ ಕುಂಚ ಹಿಡಿದ ಕೈ ಮುಂದೆ ಹೋಗಲಿಲ್ಲ. ಮೇಡಂ ಹಿಡಿದಿದ್ದರಿಂದ ಹೋಗಲಿಲ್ಲ ಎಂದು ಆಗ ಅಂದುಕೊಂಡೆ. ಈಗ ಅಷ್ಟು ಖಾತ್ರಿಯಾಗಿ ಹೇಳಲಾರೆ.

ಕಾಕಾರಿಗೆ ಕಾರಣ ಬೇರೆಯಿತ್ತು. "ಗಂಧ ಒಣಗಿ ಹಕ್ಕಳಿ ಆಗೈತಿ. ಕೆರೆದ್ರ ಪುಡಿ ಆಗತೈತಿ. ಈ ಫ್ಯಾನ್ ಅದನ್ನ ಒಳಗ ಎಳಕೋತಾವ. ಆಮ್ಯಾಲ ಒಂದು ಬೋರ್ಡಲ್ಲ, ಎಲ್ಲಾನೂ ಬದಲಿ ಮಾಡ್ಬೇಕಾಗತೈತಿ. ಒದ್ದಿ ಬಟ್ಟಿ ಅಂತೂ ಹತ್ರಾನೂ ತರಬ್ಯಾಡ."

ಹೀಗೆ, ಒಬ್ಬರಿಗೆ ಹಬ್ಬದ ಭಯ, ಇನ್ನೊಬ್ಬರಿಗೆ ಫ್ಯಾನಿನ ಭಯ. ಕುಂಕುಮ ಮಾತ್ರ ಇದ್ದಲ್ಲೇ ಉಳಿಯಿತು. ತೆರೆಯ ಮೇಲೆ ಬೋರ್ಡಿನ ದೋಷದ ಸಾಲುಗಳು ಮೊದಲಿಗಿಂತ ಬೇಗ ಬೇಗ ಬರುತ್ತಿದ್ದವು. ಕೆಳಗಿನ ಮಹಡಿಯಲ್ಲಿ ಬೆಳಗಿನ ಶಸ್ತ್ರಚಿಕಿತ್ಸೆಗಳು ನಡೆಯುತ್ತಿದ್ದವು. ಮೇಡಂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಚೀಟಿ ನೋಡಿ ಎಣಿಸಿ ತೆಗೆಯಲಾಗುವುದಿಲ್ಲವಾ?" ಎಂದು ಮೆಲ್ಲಗೆ ಕೇಳಿದರು. ಕಾಕಾ ಇಲ್ಲವೆಂದು ತಲೆಯಾಡಿಸಿದರು. ತಮಾಷೆಯಿಲ್ಲದ ಕಾಕಾರ ಮುಖವನ್ನು ನಾನು ನೋಡಿದ್ದು ಅಪರೂಪ.

ಆಮೇಲೆ ಯಾರೋ ಕೋಣೆಯ ಲೈಟು ಆರಿಸೋಣ ಎಂದರು. ನಾನೇ ಹೇಳಿದ್ದು ಎಂದು ನನ್ನ ನೆನಪು. ತಾವು ಹೇಳಿದ್ದು ಎಂದು ಕಾಕಾ ಇವತ್ತಿಗೂ ವಾದಿಸುತ್ತಾರೆ. ಮೇಡಂ ಅವರನ್ನು ಕೇಳಿಲ್ಲ. ಕೇಳಿದರೆ ಅವರೂ ತಾವೇ ಎಂದಾರು ಎಂದು ಅಂಜಿಕೆ. ಆ ಕೋಣೆಗೆ ಕಿಟಕಿಯಿರಲಿಲ್ಲ. ಪೂರ್ತಿ ಕತ್ತಲಾದರೆ, ಬೊಟ್ಟಿನ ಹಿಂದಿನ ದೀಪ ಸ್ವಲ್ಪವಾದರೂ ತೂರಿ ಬರಬಹುದು ಎಂಬುದು ಲೆಕ್ಕ.

ಮೇಡಂ ಸ್ವಿಚ್ಚಿನ ಬಳಿ ನಿಂತರು. ಕಾಕಾ ಕೀಲಿಮಣೆಯ ಮುಂದೆ ಕೂತು, ತೆರೆಯ ಬೆಳಕು ಈ ಕಡೆ ಬೀಳದಂತೆ ಬೋರ್ಡಿನ ಖಾಲಿ ಪೆಟ್ಟಿಗೆಯನ್ನು ಅಡ್ಡ ಇಟ್ಟುಕೊಂಡರು. ನಾನು ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅದರ ತಂತಿಯನ್ನು ಯಂತ್ರದ ಚೌಕಟ್ಟಿಗೆ ಸಿಕ್ಕಿಸಿದೆ. ನಮ್ಮ ಮೈಯ ವಿದ್ಯುತ್ತು ಬೋರ್ಡಿಗೆ ತಗಲಬಾರದು. ಚೀಟಿಯ ಪ್ರಕಾರ ಯಾವುದೋ ಅದರ ಬಳಿ ಕೈ ಇಟ್ಟುಕೊಂಡು ನಿಂತೆ. ಲೈಟು ಆರಿತು.

"ಗರ್ಭಗುಡಿ ಆತು ನೋಡು," ಅಂದರು ಕಾಕಾ. "ಇನ್ನ ಎಂಜಿನಿಯರ್ ಅಮ್ಮಾರು ದರ್ಶನ ತಗೋರಿ."

ಕೆಲಸದ ನಡುವೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಬೇಕು; ಫ್ಯಾನುಗಳ ಗದ್ದಲದಲ್ಲಿ ಅದು ನಮ್ಮ ಪದ್ಧತಿ.

"ಖಾಲಿ ಮಾಡಾಕತ್ತೀನಿ!"

"ಖಾಲಿ ಮಾಡಾಕತ್ತೀರಿ!"

ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಒಗ್ಗುವವರೆಗೆ ನನ್ನ ಉಸಿರು ನನಗೇ ಕೇಳುತ್ತಿತ್ತು ಎಂದು ಬರೆಯಬಹುದು, ಆದರೆ ಆ ಸದ್ದಿನಲ್ಲಿ ಅದು ಸಾಧ್ಯವಿಲ್ಲ. ಮೇಡಂ ಏನೋ ಗುನುಗುತ್ತಿದ್ದರು ಎಂಬುದೂ ಹಾಗೆಯೇ. ಆಮೇಲೆ ಕಂಡಿತು. ಒಂದು ಬೊಟ್ಟು ಅಂಚಿನ ಸುತ್ತ ಮಾತ್ರ ಬೆಳಗಿ ಆರಿತು, ಮತ್ತೆ ಬೆಳಗಿತು. ಬಣ್ಣ ನೇರಳೆ ಹಣ್ಣಿನದು ಎಂದು ನಾನು ಹೇಳುತ್ತೇನೆ. ನೀಲಿ ಬೆಳಕು ಕುಂಕುಮದ ಹಿಂದಿದ್ದರೆ ಹಾಗೆ ಕಾಣಬಹುದೇ ಎಂದು ಯಾರನ್ನೂ ಕೇಳಿ ನೋಡಿಲ್ಲ. ಆದರೆ ಒಂದು ಮಾತು ನಿಜ: ಅದು ನನ್ನ ಕೈಯಿದ್ದ ಬೋರ್ಡಲ್ಲ, ಅದರ ಪಕ್ಕದ್ದು.

"ಕಾಣ್ತೇನು?"

"ಕಾಣ್ತ್ರಿ. ಚೀಟಿ ಸುಳ್ಳ್ರಿ ಕಾಕಾ!"

"ಅದು ಎಂದ ಖರೆ ಹೇಳೈತಿ? ಮಿಣುಕಾಕತ್ತೈತೋ, ನಿಂತೈತೋ?"

"ಮಿಣುಕಾಕತ್ತೈತ್ರಿ."

"ಗಡಬಡಿ ನಕ್ಕೋ. ನಿಲ್ಲೂತನಕ ಕಾಯಿ."

ಕಾದೆ. ಮಿಣುಕುವುದು ನಿಂತು, ಬೊಟ್ಟಿನ ಸುತ್ತ ತೆಳುವಾದ ಬಳೆಯಷ್ಟು ಬೆಳಕು ಅಲುಗದೆ ಉಳಿಯಿತು.

"ನಿಂತೈತ್ರಿ!"

"ನಿಂತೈತಿ. ಎಳಿ!"

"ಎಳೀತೀನ್ರಿ!"

ಎರಡೂ ತುದಿಯ ಹಿಡಿಗಳನ್ನು ಹೊರಗೆ ಮಡಿಸಿ ಎಳೆದೆ. ಬೋರ್ಡು ಒಮ್ಮೆ ಹಟ ಮಾಡಿ, ಆಮೇಲೆ ಜಾರಿ ನನ್ನ ಎರಡೂ ಕೈಗೆ ಬಂತು. ಮೂವರೂ ಕಿವಿಗೊಟ್ಟು ನಿಂತೆವು. ಯಂತ್ರ ಬಿದ್ದರೆ ಮೊದಲು ತಿಳಿಯುವುದು ಫ್ಯಾನಿನ ಸದ್ದಿನಿಂದ. ಸದ್ದು ಹಾಗೇ ಇತ್ತು, ಏರಲಿಲ್ಲ, ಇಳಿಯಲಿಲ್ಲ.

"ಮೇಡಂಗಾರು, ದೀಪ ಹಚ್ರಿ," ಅಂದರು ಕಾಕಾ, ಮದುವೆಮನೆಯ ಹಿರಿಯರ ಧ್ವನಿಯಲ್ಲಿ.

ಹೊಸ ಬೋರ್ಡು ಕೂರಿಸುವುದು ಸುಲಭವಾಯಿತು. ಅದರ ಹಣೆ ಬರಿದಾಗಿತ್ತಲ್ಲ. ನೀಲಿ ದೀಪ ಬೆಳಗಿದ್ದು, ಮಿಣುಕಿದ್ದು, ಕೊನೆಗೆ ಆರಿ ಕೆಲಸಕ್ಕೆ ಕೂತದ್ದು ಎಲ್ಲವೂ ಕಣ್ಣೆದುರೇ ನಡೆಯಿತು. ತೆರೆಯ ಮೇಲಿನ ದೋಷದ ಸಾಲುಗಳು ನಿಂತವು. ಕಾಕಾ ಕುರ್ಚಿಗೆ ಒರಗಿ ಕನ್ನಡಕ ತೆಗೆದು ಒರೆಸಿಕೊಂಡರು.

ಮೇಡಂ ಕುಂಕುಮದ ಬಟ್ಟಲು ಹಿಡಿದು ಹತ್ತಿರ ಬಂದಿದ್ದರು. ಕೇಳಲು ಸಂಕೋಚ. "ಇದೊಂದಕ್ಕೇ ಇಲ್ಲದಂತೆ ಆಗುತ್ತದಲ್ಲ..."

"ಹಚ್ರಿ, ಯಾಕ ಹಚ್ಚಬಾರ್ದು," ಎಂದು ಕಾಕಾ ಎದ್ದು ಬಂದು, ಹಿಡಿಯ ಪಕ್ಕದ ಖಾಲಿ ಲೋಹದ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲಿ, ಒಂದು ಚೂರು. ಹಣಿಗಿ ಬ್ಯಾಡ್ರಿ, ಗಲ್ಲಕ್ಕ ಹಚ್ರಿ. ದೃಷ್ಟಿಬೊಟ್ಟು ಅಂತ ತಿಳ್ಕೋರಿ."

ಮೇಡಂ ನಕ್ಕು ಹಚ್ಚಿದರು. ಉಳಿದ ಬೋರ್ಡುಗಳ ಬೊಟ್ಟುಗಳನ್ನು ಹಬ್ಬ ಮುಗಿದ ಮೇಲೆ, ಯಂತ್ರದ ವಾರ್ಷಿಕ ಶುಚಿಯ ದಿನ ತೆಗೆಯುವುದೆಂದು ಮಾತಾಯಿತು. ಕಳಚಿದ ಬೋರ್ಡನ್ನು ಕುಂಕುಮದ ಸಮೇತ ಪೆಟ್ಟಿಗೆಗೆ ಹಾಕಿದೆವು. ಕೆಟ್ಟ ಬೋರ್ಡು ತಯಾರಕರಿಗೇ ವಾಪಸು ಹೋಗಬೇಕು; ಅದನ್ನು ಬಿಚ್ಚಿ ನೋಡಿದ ಪರದೇಶದವರು ಏನೆಂದುಕೊಂಡರೋ, ನಮಗೆ ತಿಳಿಯಲಿಲ್ಲ.

ನಾವು ಚೀಲ ಕಟ್ಟುತ್ತಿದ್ದಾಗ ಮೇಜಿನ ಫೋನು ರಿಂಗಾಯಿತು. ಮೇಡಂ ಎತ್ತಿದವರೇ ನೆಟ್ಟಗೆ ನಿಂತರು. ಅದೇ ಡಾಕ್ಟರು ಎಂದು ಆ ನಿಲುವಿನಿಂದಲೇ ತಿಳಿಯಿತು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ, ಮೇಡಂ ಆಮೇಲೆ ಹೇಳಿದ್ದು: ಯಂತ್ರಕ್ಕೆ ಯಾವಾಗ ಕೈ ಹಾಕುತ್ತೀರಿ, ಅದಕ್ಕೆ ಮುಂಚೆ ಇನ್ನಿಬ್ಬರ ರಕ್ತದ ವರದಿ ತರಿಸಿಕೊಂಡುಬಿಡುತ್ತೇವೆ ಎಂದರಂತೆ.

"ಆಗಿಹೋಯಿತು ಸಾರ್," ಅಂದರು ಮೇಡಂ. "ಈಗಷ್ಟೇ."

ಆ ಕಡೆ ಏನೋ ಕೇಳಿದರು.

"ಇಲ್ಲ ಸಾರ್. ನಿಲ್ಲಲಿಲ್ಲ. ನಿಮ್ಮ ವರದಿಗಳು ಆಗಲೇ ಬಂದಿರಬೇಕು, ನೋಡಿ."

ಅವರು ಫೋನು ಕಿವಿಗೆ ಒತ್ತಿಕೊಂಡೇ ಕಾದರು. ಡಾಕ್ಟರು ತಮ್ಮ ತೆರೆ ನೋಡುತ್ತಿದ್ದಿರಬೇಕು. ಕಾಕಾ ಕಟ್ಟುತ್ತಿದ್ದ ದಾರವನ್ನು ಹಾಗೇ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಮೇಡಂ, "ಸರಿ ಸಾರ್," ಎಂದು ಫೋನಿಟ್ಟು, ನಮ್ಮ ಕಡೆ ತಿರುಗಿ, "ಬಂದಿವೆಯಂತೆ," ಅಂದರು. ಅವರ ಕಣ್ಣು ತುಂಬಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಕಾಕಾ ಅದನ್ನು ಒಪ್ಪುವುದಿಲ್ಲ. ಮೇಡಂ ಆ ಕೂಡಲೇ, ನಿಮಗೆಂದು ತಂದ ಪುಳಿಹೋರದ ಅನ್ನ ಆರಿಹೋಗುತ್ತಿದೆ, ತಿನ್ನದೆ ಹೊರಟರೆ ನೋಡಿ ಎಂದು ತಮ್ಮನ್ನು ಗದರಿದರು, ಅಳುವವರು ಹಾಗೆ ಗದರುವುದಿಲ್ಲ ಎನ್ನುತ್ತಾರೆ.