ಖಾಲಿ ಮಾಡಿಕೊಂಡು ಹೋದವನ ಪಾಸ್‌ಪೋರ್ಟ್

ಬನಶಂಕರಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದೇನೆ. ಅಷ್ಟರಲ್ಲಿ ನನ್ನ ಕೈ ದಾಟಿದ ಪಾಸ್‌ಪೋರ್ಟುಗಳಿಗೆ ಲೆಕ್ಕವಿಲ್ಲ. ಎಲ್ಲರೂ ಕೇಳುವುದು ಒಂದನ್ನೇ: ಫೋಟೋ ಇರುವ ಪುಟ, ವಿಳಾಸ ಇರುವ ಪುಟ, ಎರಡೆರಡು ಕಾಪಿ. ಉಳಿದ ಪುಟಗಳಲ್ಲಿ ಏನಿರುತ್ತದೆ ಎಂದು ನಾನು ಒಮ್ಮೆಯೂ ತಿರುವಿ ನೋಡಿದವನಲ್ಲ. ಬಡವರ ಮನೆಯ ಮದುವೆಯಲ್ಲಿ ಬಡಿಸುವ ಹುಡುಗನಾದರೂ ಒಂದು ಲಾಡು ಬಾಯಿಗೆ ಹಾಕಿಕೊಳ್ಳುತ್ತಾನೆ, ನನಗೆ ಅಷ್ಟು ಕುತೂಹಲವೂ ಇರಲಿಲ್ಲ.

ಸಂಜೆಯ ನನ್ನ ಕಸುಬು ಮಿಮಿಕ್ರಿ. ಗಣೇಶನ ಪೆಂಡಾಲು, ಅಪಾರ್ಟ್‌ಮೆಂಟಿನವರ ವಾರ್ಷಿಕೋತ್ಸವ, ಯಾರದೋ ನಾಮಕರಣ. ಮೈಕು ಕೊಟ್ಟಲ್ಲಿ ಮಾಡುತ್ತೇನೆ, ಕೊಡದಿದ್ದಲ್ಲಿ ಇನ್ನೂ ಹೆಚ್ಚು ಮಾಡುತ್ತೇನೆ. ಹೆಸರಾಂತವರ ದನಿ ನನಗೆ ಒಗ್ಗುವುದಿಲ್ಲ. ಬಸ್ ಕಂಡಕ್ಟರು, ಬ್ಯಾಂಕ್ ಕೌಂಟರಿನ ಮೇಡಂ, ಬಾಡಿಗೆ ಕೇಳಿದರೆ ಆಕಾಶ ನೋಡುವ ಆಟೋದವರು, ಇಂಥವರೇ ನನ್ನ ಸರಕು. ನನ್ನ ರೂಮ್‌ಮೇಟ್ ಹೇಳುವಂತೆ, ನನ್ನ ಸ್ವಂತ ದನಿ ಕೇಳಿದರೆ ಯಾರೂ ಕಾಸು ಕೊಡುವುದಿಲ್ಲ, ಅದಕ್ಕೇ ಊರವರದನ್ನೆಲ್ಲ ಕಡ ತಂದಿದ್ದೇನೆ.

ಆದರೆ ನನ್ನ ಅತ್ಯುತ್ತಮ ಐಟಂ ನಮ್ಮ ಮನೆ ಓನರ್. ಇಟ್ಟಮಡುವಿನಲ್ಲಿ ಅವರ ಮನೆಯ ಟೆರೇಸಿನ ಮೇಲಿನ ಒಂದೇ ಕೋಣೆಯಲ್ಲಿ ನಾವಿಬ್ಬರು ಇರುವುದು. ಲೇಔಟ್ ಆಗುವ ಮೊದಲು ಅದೆಲ್ಲ ಅವರ ರಾಗಿ ಹೊಲವಾಗಿತ್ತಂತೆ. ಹೊಲದ ಈ ತುದಿಯಿಂದ ಆ ತುದಿಯಲ್ಲಿದ್ದವರನ್ನು ಕರೆದು ಕರೆದು ಬೆಳೆದ ಗಂಟಲು ಅದು. ಈಗ ಎದುರಿಗೇ ನಿಂತವರ ಜೊತೆಗೂ ಆ ತುದಿಗೆ ಕೇಳುವಂತೆಯೇ ಮಾತಾಡುತ್ತಾರೆ. ಮೊದಲು ಎರಡು ಸಲ ಗಂಟಲು ಸರಿ ಮಾಡಿಕೊಳ್ಳಬೇಕು. ಆಮೇಲೆ "ನೋಡಪ್ಪಾ, ಅದೇನಂದ್ರೆ" ಎನ್ನಬೇಕು. ಆಮೇಲೆ ಒಂದು ಉಸಿರು ಬಿಡಬೇಕು. ಇಷ್ಟಾದರೆ ಮುಕ್ಕಾಲು ಓನರ್ ಸಿದ್ಧ. ನಮ್ಮ ಬೀದಿಯಲ್ಲಿ ಇದನ್ನು ಕೇಳಿ ನಗದವರು ಒಬ್ಬರೇ, ಅವರು. ಅವರ ಮುಂದೆ ನಾನು ಮಾಡಿದವನೇ ಅಲ್ಲ.

ಕಳೆದ ವರ್ಷ ಮಸ್ಕತ್ತಿನ ಒಂದು ಕನ್ನಡ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ನನ್ನ ಪೆಂಡಾಲ್ ವಿಡಿಯೋ ಒಂದು ಅಲ್ಲಿಗೆ ತಲುಪಿತ್ತಂತೆ. ರಾಜ್ಯೋತ್ಸವಕ್ಕೆ ಬರಬೇಕು, ಅರ್ಧ ಗಂಟೆ ಪೂರ್ತಿ ನನ್ನದೇ, ಟಿಕೆಟ್ ಅವರದು ಎಂದರು. ನನಗೆ ಅದುವರೆಗೆ ಸಿಕ್ಕಿದ್ದ ಅತಿ ಉದ್ದದ ಕಾರ್ಯಕ್ರಮ ಹನ್ನೆರಡು ನಿಮಿಷ, ಅದರಲ್ಲೂ ನಾಲ್ಕು ನಿಮಿಷ ಮೈಕ್ ಕೈಕೊಟ್ಟಿತ್ತು. ಖುಷಿಯಲ್ಲಿ ನಾನು, "ಸಾರ್, ನೀವು ಮೊದಲು ವೀಸಾ ಕಳಿಸ್ಬಿಡಿ, ಪಾಸ್‌ಪೋರ್ಟ್ ಆಮೇಲೆ ನಿಧಾನಕ್ಕೆ ಮಾಡಿಸ್ಕೊತೀನಿ" ಎಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಸಮುದ್ರದಾಚೆಯ ಕರೆ, ಲೈನು ಕಟ್ಟಾಗಿರಬೇಕು ಎಂದುಕೊಂಡೆ. ಕಟ್ಟಾಗಿರಲಿಲ್ಲ. ತಿಂಗಳ ಕೊನೆಯ ಒಳಗೆ ಪಾಸ್‌ಪೋರ್ಟಿನ ಕಾಪಿ ಬಾರದಿದ್ದರೆ ಬೇರೆ ಕಲಾವಿದರನ್ನು ಕರೆಸಬೇಕಾಗುತ್ತದೆ ಎಂದು ಅವರು ಬಹಳ ಮರ್ಯಾದೆಯಿಂದ ಹೇಳಿ ಫೋನಿಟ್ಟರು.

ಅಲ್ಲಿಂದ ಶುರುವಾಯಿತು. ಯಾವುದು ಮೊದಲು, ಯಾವುದು ಆಮೇಲೆ, ಕೊಡುವವರು ಯಾರು ಎಂದು ಕಂಡವರನ್ನೆಲ್ಲ ಕೇಳಿದೆ. ಒಬ್ಬೊಬ್ಬರ ಉತ್ತರ ಒಂದೊಂದು ದಿಕ್ಕಿಗೆ. ಅಂಗಡಿಯ ಯಜಮಾನರು ಎರಡೂ ಒಂದೇ ಪುಸ್ತಕ, ಮುಂದಿನಿಂದ ಓದಿದರೆ ಪಾಸ್‌ಪೋರ್ಟ್, ಹಿಂದಿನಿಂದ ಓದಿದರೆ ವೀಸಾ ಎಂದರು. ಅವರು ಹೊರದೇಶಕ್ಕೆ ಹೋದವರಲ್ಲ, ಆದರೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇಲ್ಲ. ರೂಮ್‌ಮೇಟ್ ತತ್ಕಾಲ್, ತತ್ಕಾಲ್ ಎಂದು ಎರಡು ದಿನ ಜಪಿಸಿದ. ಅವನು ಹೇಳುತ್ತಿದ್ದದ್ದು ರೈಲಿನ ತತ್ಕಾಲ್ ಬಗ್ಗೆ ಎಂದು ಮೂರನೆಯ ದಿನ ತಿಳಿಯಿತು.

ಕೊನೆಗೆ ಬಿಡಿಸಿ ಹೇಳಿದವರು ನಮ್ಮ ಓನರ್ ಅಂಕಲ್. ಗೇಟಿನ ಹತ್ತಿರ ನಿಂತು ಎರಡು ಸಲ ಗಂಟಲು ಸರಿ ಮಾಡಿಕೊಂಡರು.

"ನೋಡಪ್ಪಾ, ಅದೇನಂದ್ರೆ, ನೀನು ರೂಮ್ ಕೇಳ್ಕೊಂಡು ಬಂದಾಗ ನಾನೇನ್ ಕೇಳ್ದೆ?"

ಯಾವೂರು, ಏನು ಕೆಲಸ, ಎಷ್ಟು ದಿನ ಇರುತ್ತೀಯ, ನೆಂಟರು ಬರುತ್ತಾರಾ, ಬಂದರೆ ಯಾವಾಗ ಹೋಗುತ್ತಾರೆ, ನೀರು ಜಾಸ್ತಿ ಬಳಸುತ್ತೀಯಾ ಎಂದು ಕೇಳಿದ್ದನ್ನೆಲ್ಲ ಒಪ್ಪಿಸಿದೆ.

"ಅದೇ ವೀಸಾ. ಗೇಟು ಅವರದು, ತೆಗೆಯೋದು ಬಿಡೋದು ಅವರಿಷ್ಟ. ಅದಕ್ಕೆ ಮುಂಚೆ ನೀನು ನಿಮ್ಮೂರವರ ಹತ್ರ ಫೋನ್ ಮಾಡ್ಸಿ, ಹುಡುಗ ನಮ್ಮವನೇ, ಒಳ್ಳೇವನು ಅಂತ ಹೇಳಿಸ್ದೆಯಲ್ಲ? ಅದು ಪಾಸ್‌ಪೋರ್ಟು."

ನಾಲ್ಕು ವರ್ಷ ಪಾಸ್‌ಪೋರ್ಟ್ ಜೆರಾಕ್ಸ್ ಮಾಡಿದವನಿಗೆ ಅರ್ಥವಾಗದ್ದು, ರಾಗಿ ಬೆಳೆದವರಿಂದ ಅರ್ಧ ನಿಮಿಷದಲ್ಲಿ ಅರ್ಥವಾಯಿತು. ಅಂದು ಸಂಜೆ ಈ ಮಾತನ್ನೇ ಅವರ ದನಿಯಲ್ಲಿ ರೂಮ್‌ಮೇಟ್‌ಗೆ ಮಾಡಿ ತೋರಿಸಿ ನಕ್ಕೆ. ಕೃತಜ್ಞತೆ ಎಂದರೆ ನನ್ನದು ಇಷ್ಟೇ.

ನಾನೂ ರೂಮ್‌ಮೇಟೂ ಒಟ್ಟಿಗೇ ಆನ್‌ಲೈನ್ ಅರ್ಜಿ ಹಾಕಿದೆವು. ಅವನಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, ನನ್ನ ಬಳಿ ಇದ್ದು ತನ್ನ ಬಳಿ ಇಲ್ಲದಿದ್ದರೆ ಅವನಿಗೆ ನಿದ್ದೆ ಬಾರದು. ಸೇವಾ ಕೇಂದ್ರಕ್ಕೆ ಹೋಗುವಾಗ ಸ್ಟುಡಿಯೋದಲ್ಲಿ ಹನ್ನೆರಡು ಫೋಟೋ ತೆಗೆಸಿಕೊಂಡು ಹೋದೆ. ಅಲ್ಲಿ ಅವರೇ ಫೋಟೋ ತೆಗೆದರು, ನನ್ನ ಹನ್ನೆರಡನ್ನು ಯಾರೂ ಕೇಳಲಿಲ್ಲ. ಟೋಕನ್ ಹಿಡಿದು ಎ ಕೌಂಟರು, ಬಿ ಕೌಂಟರು, ಸಿ ಕೌಂಟರು. ಆಧಾರ್ ನೋಡಿದರು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ನೋಡಿದರು. ಗಣಿತದ ಅಂಕದ ಮೇಲೆ ನಾನು ಹೆಬ್ಬೆರಳು ಇಟ್ಟುಕೊಂಡಿದ್ದೆ, ಮೇಡಂ ನಕ್ಕು ಕೈ ತೆಗೆಯಪ್ಪ ಎಂದರು. ಅವರಿಗೆ ಬೇಕಾಗಿದ್ದದ್ದು ಹುಟ್ಟಿದ ತಾರೀಖು ಮತ್ತು ಹತ್ತನೇ ಕ್ಲಾಸು ಪಾಸಾದದ್ದಕ್ಕೆ ಪುರಾವೆ. ಹೊರಗೆ ಬಂದಾಗ ಕೈಯಲ್ಲಿ ಒಂದು ರಸೀದಿ. ಇನ್ನು ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ, ಅವರೇ ಫೋನ್ ಮಾಡುತ್ತಾರೆ ಎಂದಿದ್ದರು.

ಇಲ್ಲಿ ನನ್ನ ಕಿತಾಪತಿ ಶುರು. ಮಾರನೆಯ ದಿನ ಅಂಗಡಿಯ ಫೋನಿನಿಂದ ರೂಮ್‌ಮೇಟ್‌ಗೆ ಕರೆ ಮಾಡಿ, ಪೊಲೀಸ್ ದನಿಯಲ್ಲಿ, ಸ್ಟೇಷನ್ನಿಂದ ಮಾತಾಡುತ್ತಿದ್ದೇನೆ, ಇಬ್ಬರು ನೆರೆಯವರನ್ನು ಕರೆದುಕೊಂಡು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಾ ಎಂದೆ. ಪಾಪದ ಪ್ರಾಣಿ, ರಜೆ ಹಾಕಿ, ಪಕ್ಕದ ಮನೆಯ ಆಂಟಿಯನ್ನೂ ಎದುರು ಮನೆಯ ಅಂಕಲ್ಲನ್ನೂ ಆಟೋದಲ್ಲಿ ಕೂರಿಸಿಕೊಂಡು ಸ್ಟೇಷನ್ನಿನವರೆಗೆ ಹೋಗಿ ಬಂದ. ಆಂಟಿ ರೇಷ್ಮೆ ಸೀರೆ ಉಟ್ಟಿದ್ದರಂತೆ. ಇದಕ್ಕೆ ಸೇಡು ತೀರಿಸಿಕೊಳ್ಳದಿದ್ದರೆ ನಾನು ನಮ್ಮಪ್ಪನ ಮಗನೇ ಅಲ್ಲ ಎಂದು ಅವನು ಶಪಥ ಮಾಡಿದ್ದ.

ಹೀಗಾಗಿ ನಾಲ್ಕು ದಿನದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದು, ಆ ಕಡೆಯವರು "ಸ್ಟೇಷನ್ನಿಂದ, ಪಾಸ್‌ಪೋರ್ಟ್ ವಿಚಾರ" ಎಂದಾಗ ಅದು ರೂಮ್‌ಮೇಟೇ ಎನ್ನುವುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ದನಿ ಅಷ್ಟು ಚೆನ್ನಾಗಿರಲಿಲ್ಲ ಬೇರೆ. ಪೊಲೀಸರ ಗತ್ತೇ ಇಲ್ಲ, ಮೆತ್ತಗೆ ಮಾತು. ಇವನಿಗೆ ಇನ್ನೂ ಕಲಿಯುವುದಿದೆ ಎಂದುಕೊಂಡು, ಎರಡು ಸಲ ಗಂಟಲು ಸರಿ ಮಾಡಿಕೊಂಡೆ.

"ನೋಡಿ ಸಾರ್, ಅದೇನಂದ್ರೆ, ನಾನು ಮನೆ ಓನರ್ರು. ಆ ಹುಡುಗ ಖಾಲಿ ಮಾಡ್ಕೊಂಡು ಹೋಗಿ ಎಷ್ಟೋ ದಿನ ಆಯ್ತು. ಈ ಫೋನು ಚಾರ್ಜಿಗೆ ಹಾಕಿದ್ನ, ಇಲ್ಲೇ ಮರ್ತು ಹೋಗವ್ನೆ. ಸಿಕ್ಕಿದ್ರೆ ನೀವೇ ಬುದ್ಧಿ ಹೇಳಿ."

ಆ ಕಡೆಯವರು ಸರಿ ಯಜಮಾನ್ರೆ, ಥ್ಯಾಂಕ್ಸ್ ಎಂದು ಇಟ್ಟರು. ಇಷ್ಟು ಬೇಗ ಸೋಲೊಪ್ಪಿದನಲ್ಲ ಎಂದು ಬೇಸರವೂ ಆಯಿತು.

ಸಂಜೆ ರೂಮ್‌ಮೇಟ್ ಬಂದ ಕೂಡಲೇ ಹೆಂಗಿತ್ತು ಎಂದು ಕೇಳಿದೆ. "ಏನು ಮಗಾ ಹೆಂಗಿತ್ತು?" ಎಂದ. ಫೋನು ಎಂದೆ. ಯಾವ ಫೋನು ಎಂದ. ಅವನು ನಟಿಸುತ್ತಿದ್ದಾನೆ ಎಂದು ಮುಖವನ್ನೇ ನೋಡಿದೆ. ಅವನಿಗೆ ನಟನೆ ಬರುವುದಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತು, ಕಲಿಸಲು ನೋಡಿ ಸೋತವನು ನಾನೇ. ಮೊಬೈಲಿನಲ್ಲಿ ಆ ನಂಬರನ್ನು ತೋರಿಸಿದೆ. ಅವನ ನಗು ಮೊದಲು ಬಂತು, ಆಮೇಲೆ ನಿಂತುಹೋಯಿತು.

ಆ ನಂಬರಿಗೆ ವಾಪಸ್ ಫೋನ್ ಮಾಡಬಹುದಿತ್ತು. ಆದರೆ ಯಾರ ದನಿಯಲ್ಲಿ? ನನ್ನ ದನಿಯಲ್ಲಿ ಮಾಡಿದರೆ ಮೊದಲು ಮಾತಾಡಿದವರು ಯಾರು ಎನ್ನುತ್ತಾರೆ. ಓನರ್ ದನಿಯಲ್ಲಿ ಮಾಡಿದರೆ ಇನ್ನೂ ಆಳಕ್ಕೆ ಇಳಿಯುತ್ತೇನೆ. ಯೋಚಿಸುತ್ತಾ ಎರಡು ದಿನ ಕಳೆದೆ. ಮೂರನೆಯ ದಿನ ಮೆಸೇಜು ಬಂತು: ಪೊಲೀಸ್ ವರದಿ ಸರಿಯಿಲ್ಲ, ಕಚೇರಿಯನ್ನು ಸಂಪರ್ಕಿಸಿ. ಕಚೇರಿಯಲ್ಲಿ ಅರ್ಜಿದಾರರು ಈ ವಿಳಾಸದಲ್ಲಿ ವಾಸವಾಗಿಲ್ಲ ಎಂದು ಬಂದಿದೆ ಎಂದರು. ವಾಸವಾಗಿದ್ದೇನೆ ಮೇಡಂ ಎಂದೆ. ಹಾಗಾದರೆ ಇಲ್ಲ ಎಂದವರು ಯಾರು ಎಂದು ಕೇಳಿದರು. ರಸೀದಿಯನ್ನು ಇನ್ನಷ್ಟು ಮುಂದೆ ತಳ್ಳಿದೆ. ಅವರು ಇನ್ನೊಮ್ಮೆ ವೆರಿಫಿಕೇಶನ್‌ಗೆ ಕಳಿಸುತ್ತೇವೆ, ಮನೆಯ ಮಾಲೀಕರನ್ನೇ ಕರೆದುಕೊಂಡು ಸ್ಟೇಷನ್ನಿಗೆ ಹೋಗಿ ಎಂದರು. ತಿಂಗಳು ಮುಗಿಯಲು ಎರಡು ವಾರ ಇತ್ತು.

ಓನರ್ ಅಂಕಲ್‌ಗೆ ಅರ್ಧ ಮಾತ್ರ ಹೇಳಿದೆ. ಪೊಲೀಸರಿಗೆ ಏನೋ ಗೊಂದಲವಾಗಿದೆ, ನಾನು ಇಲ್ಲೇ ಇದ್ದೇನೆ ಎಂದು ನೀವು ಹೇಳಬೇಕು ಎಂದೆ. ಅವರು ಬಿಳಿ ಶರ್ಟು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿ, ನನ್ನ ಸ್ಕೂಟರಿನ ಹಿಂದೆ ಕೂತರು. ದಾರಿಯುದ್ದಕ್ಕೂ ಅವರು ಬಾಯಿ ಬಿಡಬಾರದು, ಬರೀ ಸಹಿ ಹಾಕಿ ಬರುವಂತಾಗಲಿ ಎಂದು ಸಿಕ್ಕಸಿಕ್ಕ ದೇವಸ್ಥಾನಕ್ಕೆಲ್ಲ ಕೈ ಮುಗಿದೆ. ಸಿಗ್ನಲ್ಲಿನಲ್ಲಿ ಎರಡು ಕೈ ಬಿಟ್ಟಿದ್ದಕ್ಕೆ ಬೈಸಿಕೊಂಡೆ.

ಸ್ಟೇಷನ್ನಿನಲ್ಲಿ ಮೇಜಿನ ಹಿಂದೆ ಕೂತಿದ್ದವರು ಅದೇ ಮೆತ್ತಗಿನ ದನಿಯ ಪೊಲೀಸ್. ನನ್ನ ಫೈಲು ತೆಗೆದು, ಇವರು ಯಾರು ಎಂದು ಕೇಳಿದರು. ನಾನು ಹೇಳುವ ಮೊದಲೇ ಅಂಕಲ್ ಎರಡು ಸಲ ಗಂಟಲು ಸರಿ ಮಾಡಿಕೊಂಡರು.

"ನೋಡಿ ಸಾರ್, ಅದೇನಂದ್ರೆ..."

ಪೊಲೀಸಿನವರು ಪೆನ್ನು ಕೆಳಗಿಟ್ಟರು. "ಯಜಮಾನ್ರೆ, ಅವತ್ತು ಫೋನಲ್ಲಿ ಮಾತಾಡಿದ್ದು ನೀವೇ ಅಲ್ವಾ? ಹುಡುಗ ಖಾಲಿ ಮಾಡ್ಕೊಂಡು ಹೋದ ಅಂದ್ರಿ. ನಾನು ಮನೆ ಹತ್ರನೂ ಬಂದು ನೋಡ್ದೆ, ಮೇಲೆ ಬೀಗ ಹಾಕಿತ್ತು, ಕೆಳಗೆ ನೀವೂ ಇರ್ಲಿಲ್ಲ. ನಿಮ್ಮ ಮಾತಿನ ಮೇಲೆ ಬರೆದು ಕಳಿಸ್ದೆ."

ಅಂಕಲ್ ಅವರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ.

"ಹೂಂ ಸಾರ್," ಎಂದರು ಅಂಕಲ್. "ನಾನೇ. ಅವತ್ತು ಇವನು ನೀರಿನ ಮೋಟ್ರು ಆಫ್ ಮಾಡದೆ ಹೋಗಿದ್ದ. ಟ್ಯಾಂಕ್ ತುಂಬಿ ಬೀದಿಗೆಲ್ಲ ಹರೀತು. ಸಿಟ್ಟಲ್ಲಿ ಅಂದ್ಬಿಟ್ಟೆ."

ಪೊಲೀಸಿನವರು ಅದೇ ಮೆತ್ತಗಿನ ದನಿಯಲ್ಲಿ ಹತ್ತು ನಿಮಿಷ ಬುದ್ಧಿ ಹೇಳಿದರು. ಇಷ್ಟು ವಯಸ್ಸಾದವರು, ಮನೆ ಮಠ ಇರುವವರು, ಒಂದು ಹುಡುಗನ ಜೀವನದ ಜೊತೆ ಹೀಗೆ ಆಟ ಆಡಬಾರದು, ಸುಳ್ಳು ಹೇಳಿದರೆ ಕೇಸು ಹಾಕಬಹುದು ಗೊತ್ತಾ ಎಂದರು. ನನಗೆ ಸಲ್ಲಬೇಕಾದ ಒಂದೊಂದು ಮಾತನ್ನೂ ಅಂಕಲ್ ಕೈಕಟ್ಟಿ ನಿಂತು ತಾವೇ ತೆಗೆದುಕೊಂಡರು. ತಪ್ಪಾಯ್ತು ಸಾರ್ ಎಂದೂ ಹೇಳಿದರು. ಆಮೇಲೆ ತೋರಿಸಿದ ಕಡೆ ನಿಧಾನವಾಗಿ ಸಹಿ ಹಾಕಿದರು.

ವಾಪಸ್ ಬರುವಾಗ ಹಿಂದಿನಿಂದ ಒಂದು ಮಾತಿಲ್ಲ. ಸಿಟ್ಟೋ, ಅವಮಾನವೋ, ಸುಸ್ತೋ ತಿಳಿಯಲಿಲ್ಲ; ಯಾರ ದನಿ ಕೇಳಿದರೂ ಒಳಗಿರುವುದನ್ನು ಹೇಳಬಲ್ಲೆ ಎಂದುಕೊಂಡಿದ್ದವನಿಗೆ ಸುಮ್ಮನಿರುವವರನ್ನು ಓದಲು ಬರುವುದಿಲ್ಲ ಎಂದು ಗೊತ್ತಾಯಿತು. ಗೇಟಿನ ಮುಂದೆ ಇಳಿದ ಮೇಲೆ ಅವರು ಚಪ್ಪಲಿ ಬಿಡುತ್ತಾ ಹೇಳಿದರು:

"ಎಲ್ಲಿ, ಒಂದ್ಸಲ ಮಾಡು. ಬೀದಿಯವರೆಲ್ಲ ಕೇಳವ್ರಂತೆ, ನಾನೊಬ್ನೇ ಕೇಳಿಲ್ಲ."

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಎರಡು ಸಲ ಗಂಟಲು ಸರಿ ಮಾಡಿಕೊಂಡೆ. ಬಂದದ್ದು ಬರೀ ಕೆಮ್ಮು. ನೋಡಪ್ಪಾ ಎಂದೆ, ಅದು ನನ್ನದೇ ಕೀರಲು ದನಿ.

"ಇಷ್ಟೇನಾ?" ಎಂದರು. "ಇದಕ್ಕಾ ಆ ಪೊಲೀಸಪ್ಪ ಮೋಸ ಹೋಗಿದ್ದು?" ಒಳಗೆ ಹೋದರು.

ಪಾಸ್‌ಪೋರ್ಟು ತಿಂಗಳು ಮುಗಿಯಲು ಎರಡು ದಿನ ಇರುವಾಗ ಅಂಚೆಯಲ್ಲಿ ಬಂತು. ಅದೇ ದಿನ ಅಂಗಡಿಯಲ್ಲಿ ಅದನ್ನು ಗಾಜಿನ ಮೇಲೆ ಬೋರಲು ಹಾಕಿ ಕಾಪಿ ತೆಗೆದೆ. ಅಭ್ಯಾಸಬಲದಿಂದ ಎರಡೆರಡು. ಅಂದು ಮೊದಲ ಬಾರಿಗೆ ಮುಂದಿನ ಪುಟವನ್ನು ಓದಿದೆ. ಇವನನ್ನು ತಡೆಯದೆ ಹೋಗಲು ಬಿಡಿ, ಅಗತ್ಯ ಬಿದ್ದರೆ ನೆರವಾಗಿ ಎಂದು ರಾಷ್ಟ್ರಪತಿಯವರ ಹೆಸರಿನಲ್ಲಿ ಕಂಡಕಂಡವರನ್ನೆಲ್ಲ ಕೇಳಿಕೊಂಡಿದೆ. ನನ್ನ ಬಗ್ಗೆ ವಿಚಾರಿಸದೆ ಬರೆದದ್ದು ಎಂದುಕೊಂಡೆ. ಆಮೇಲೆ ನೆನಪಾಯಿತು, ವಿಚಾರಿಸಿದ್ದರು.

ಮಸ್ಕತ್ತಿನಿಂದ ವೀಸಾ ಅರ್ಜಿ ಬಂತು. ಬರುವ ಉದ್ದೇಶ, ಎಷ್ಟು ದಿನ, ಎಲ್ಲಿ ಇರುವುದು, ಯಾರು ಗೊತ್ತು. ಅಂಕಲ್ ಕೇಳಿದ್ದೇ, ನೀರಿನ ಪ್ರಶ್ನೆ ಒಂದನ್ನು ಬಿಟ್ಟು. ಅದರ ಜೊತೆಗೆ ಯಾವ್ಯಾವ ದನಿ ಮಾಡುತ್ತೀರಿ ಎಂಬ ಪಟ್ಟಿಯನ್ನೂ ಕಾರ್ಯದರ್ಶಿ ಕೇಳಿದ್ದರು. ಕಂಡಕ್ಟರ್, ಬ್ಯಾಂಕ್ ಮೇಡಂ, ಆಟೋ ಎಂದು ಬರೆದೆ. ಮನೆ ಓನರ್ ಎಂದು ಬರೆದು ಹೊಡೆದು ಹಾಕಿದೆ. ಮತ್ತೆ ಬರೆದೆ. ಅದನ್ನು ತೆಗೆದರೆ ಅರ್ಧ ಗಂಟೆ ತುಂಬುವುದಿಲ್ಲ. ಇಟ್ಟರೆ ಹೇಗೋ ಏನೋ.

ಕೊನೆಗೆ ಪಟ್ಟಿಯನ್ನೇ ಹಿಡಿದುಕೊಂಡು ಕೆಳಗೆ ಹೋಗಿ, ನನ್ನ ದನಿಯಲ್ಲೇ ಅವರನ್ನು ಕೇಳಿದೆ. ಅವರು ಮೋಟ್ರು ಸ್ವಿಚ್ಚಿನ ಹತ್ತಿರ ನಿಂತಿದ್ದರು. ಗಂಟಲು ಸರಿ ಮಾಡಿಕೊಳ್ಳಲು ಹೊರಟು, ನನ್ನ ಮುಖ ನೋಡಿ, ತಡೆದುಕೊಂಡರು.

"ಅಲ್ಲಿ ನನ್ನ ಯಾರಿಗ್ ಗೊತ್ತು? ಮಾಡ್ಕೋ ಹೋಗು," ಎಂದರು. "ಖಾಲಿ ಮಾಡ್ಕೊಂಡು ಹೋದ ಅಂತ ಮಾತ್ರ ಹೇಳ್ಬೇಡ."